ಕೋವಿ ಬೆಲ್ಟಿಗೆ ಎಣ್ಣೆ ಎಷ್ಟು?

ಸೆಪ್ಟೆಂಬರ್ ಮೊದಲ ವಾರದಲ್ಲಿ ಕೋವಿಗೆ ಪೂಜೆ ಮಾಡುವ ಕೊಡವರ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂದಂತೆ ಕೊಡಗು, ಮಲೆನಾಡಿನ ಓದುಗರಿಂದ ಕೋವಿಯ ಬಗ್ಗೆ ಕಾಗದ ಬರುವುದು ಹೊಸದೇನಲ್ಲ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ನಳಿಕೆ, ಮರಕ್ಕಿಂತ ಚರ್ಮದ ಬೆಲ್ಟಿನದೇ ಗೋಳು ಹೇಳಿಕೊಂಡಿವೆ. ಆಯ್ದ ಏಳಕ್ಕೆ ಇಲ್ಲಿ ಉತ್ತರವಿದೆ. ಹನ್ನೆರಡು ಬೋರಿನ ಕೋವಿಯಾಗಲಿ, ರೈಫಲ್ ಆಗಲಿ, ಬೆಲ್ಟಿನ ಆರೈಕೆಯಲ್ಲಿ ವ್ಯತ್ಯಾಸವಿಲ್ಲ.

ಪ್ರಶ್ನೆ: ಜೂನ್ ಕಳೆಯುವುದರೊಳಗೆ ಬೆಲ್ಟಿನ ಮೇಲೆ ಬೆಳ್ಳಗೆ ಬೂಷ್ಟು. ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿಡುತ್ತೇನೆ. ಹದಿನೈದು ದಿನಕ್ಕೆ ಮತ್ತೆ ಬೆಳ್ಳಗಾಗುತ್ತದೆ. ಎಣ್ಣೆ ಸಾಲದೇ? (ಕಾಫಿ ಬೆಳೆಗಾರರು, ಮಡಿಕೇರಿ ತಾಲೂಕು)

ಸಾಲದಿರುವುದಲ್ಲ, ಹೆಚ್ಚಾಗಿದೆ. ಆದರೆ ಮೊದಲು ಆ ಬಿಳಿ ಯಾವುದೆಂದು ತಿಳಿಯಬೇಕು. ಚರ್ಮದ ಮೇಲೆ ಕಾಣುವ ಬಿಳಿಯಲ್ಲಿ ಎರಡು ಬಗೆ. ಒಂದು ನಿಜವಾದ ಬೂಷ್ಟು. ಇನ್ನೊಂದು ಒಳಗಿನ ಕೊಬ್ಬು ಹೊರಬಂದು ಹೆಪ್ಪುಗಟ್ಟಿದ ಪುಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಳೆಗಾಲದ ಮಡಿಕೇರಿಯಲ್ಲಿ ಮನೆಯೊಳಗೂ ಅಷ್ಟು ಬಿಸಿ ಇರುವುದಿಲ್ಲ. ಹೆಚ್ಚಾಗಿ ಹಚ್ಚಿದ್ದು ಚರ್ಮದ ರಂಧ್ರಗಳಿಂದ ಮೇಲೆ ಬಂದು ಬಿಳಿಯಾಗಿ ಕೂರುತ್ತದೆ.

ಪರೀಕ್ಷೆ ಸುಲಭ. ಕೂದಲು ಒಣಗಿಸುವ ಡ್ರೈಯರನ್ನು ಒಂದು ಅಡಿ ದೂರದಲ್ಲಿ ಹಿಡಿದು, ಕಡಿಮೆ ಬಿಸಿಯಲ್ಲಿ ಅರ್ಧ ನಿಮಿಷ ಗಾಳಿ ಬಿಡಿ. ಬಿಳಿ ಕರಗಿ ಮಾಯವಾದರೆ ಅದು ಕೊಬ್ಬು. ಒಣ ಬಟ್ಟೆಯಿಂದ ಒರೆಸಿದರೆ ಮುಗಿಯಿತು, ಈ ವರ್ಷ ಮತ್ತೆ ಎಣ್ಣೆ ಮುಟ್ಟಿಸಬೇಡಿ. ಹಾಗೆಯೇ ಉಳಿದು, ಭೂತಗನ್ನಡಿಯಲ್ಲಿ ನೂಲುನೂಲಾಗಿ ಕಂಡು, ಮುಗ್ಗಲು ವಾಸನೆಯೂ ಬಂದರೆ ಬೂಷ್ಟು.

ಬೂಷ್ಟಿನ ಮೇಲೆ ಎಣ್ಣೆ ಹಚ್ಚುವುದೆಂದರೆ ಅದಕ್ಕೆ ಎಲೆ ಹಾಕಿ ಬಡಿಸಿದ ಹಾಗೆ. ಮೊದಲು ಬೆಲ್ಟನ್ನು ಅಂಗಳಕ್ಕೆ ಒಯ್ದು ಒಣ ಬ್ರಷ್ಷಿನಿಂದ ಉಜ್ಜಿ. ಮನೆಯೊಳಗೆ ಉಜ್ಜಿದರೆ ಅದರ ಬೀಜ ಬೀರುವಿನ ರೇಷ್ಮೆ ಸೀರೆಯವರೆಗೂ ಹರಡುತ್ತದೆ. ಆಮೇಲೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ ಹಿಂಡಿ, ಮುಂದೆ, ಹಿಂದೆ, ಅಂಚು, ತೂತಿನ ಒಳಗೆಲ್ಲ ಒರೆಸಿ. ಕೆಲವು ಬೆಲ್ಟುಗಳು ಬಣ್ಣ ಬಿಡುತ್ತವೆ, ಆದ್ದರಿಂದ ಮೊದಲು ಒಳಬದಿಯ ಮೂಲೆಯಲ್ಲಿ ನೋಡಿಕೊಳ್ಳಿ. ಬಣ್ಣ ಬಿಟ್ಟರೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಸಾಕು. ಒಂದು ಇಡೀ ದಿನ ನೆರಳಲ್ಲಿ ಗಾಳಿಗೆ ಬಿಡಿ. ಬೆಳಗಿನ ಎಳೆಬಿಸಿಲು ಕಾಲು ಗಂಟೆ ಬಿದ್ದರೆ ಒಳ್ಳೆಯದೇ, ಮಧ್ಯಾಹ್ನದ ಬಿಸಿಲು ಬೇಡ.

ಇಷ್ಟಾದರೂ ಇಟ್ಟ ಜಾಗ ಬದಲಾಗದಿದ್ದರೆ ಬೂಷ್ಟು ಮರಳಿ ಬರುತ್ತದೆ. ಗಾಳಿಯ ತೇವ ಶೇಕಡಾ 65–70 ದಾಟಿದರೆ ಚರ್ಮದ ಮೇಲೆ ಅದು ಬೆಳೆಯಲೇಬೇಕು. ಬೀರುವಿನಲ್ಲಿ 15 ವ್ಯಾಟಿನ ಬಲ್ಬು ಉರಿಸಿಡುವುದು ಮಲೆನಾಡಿನ ಹಳೆಯ ಉಪಾಯ, ಈಗಲೂ ಒಳ್ಳೆಯದೇ. ಆದರೆ ತಂತಿ ಕಾಯುವ ಹಳೆ ಬಗೆಯ ಬಲ್ಬೇ ಬೇಕು. ಎಲ್‌ಇಡಿ ಹಾಕಿ ‘ಪ್ರಯೋಜನವಾಗಲಿಲ್ಲ’ ಎಂದು ಬರೆಯುವವರಿದ್ದಾರೆ, ಬೆಳಕಿಗಲ್ಲ ಸ್ವಾಮಿ, ಶಾಖಕ್ಕೆ. ಬಲ್ಬಿನ ಸುತ್ತ ಒಂದು ಅಡಿಯವರೆಗೆ ಬಟ್ಟೆ, ಕಾಗದ ಇರಕೂಡದು. ಇಲ್ಲವೆಂದರೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಕಾಲು ಕಿಲೋ ಇಡಿ. ನೀಲಿ ಹರಳು ಗುಲಾಬಿಯಾದಾಗ 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ನೀಲಿಯಾಗುತ್ತದೆ.

ಪ್ರಶ್ನೆ: ವರ್ಷಕ್ಕೊಮ್ಮೆ ಬೆಲ್ಟನ್ನು ಸರಿಯಾಗಿ ತೊಳೆದು ಹದ ಮಾಡುವ ಕ್ರಮ ತಿಳಿಸಿ. ಸೋಪು ಯಾವುದು, ಎಣ್ಣೆ ಯಾವುದು, ಎಷ್ಟು? (ವಿರಾಜಪೇಟೆ ಮತ್ತು ಸಕಲೇಶಪುರದಿಂದ)

ಕೋವಿ ಖಾಲಿ ಇದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿಯೇ ಬೆಲ್ಟು ಬಿಚ್ಚಿ. ಕೋವಿಯಲ್ಲೇ ಇಟ್ಟು ತೊಳೆದರೆ ಸೋಪಿನ ನೀರು ಸ್ವಿವೆಲಿನ (ಬೆಲ್ಟನ್ನು ಕೋವಿಗೆ ಸೇರಿಸುವ ತಿರುಗುವ ಕೊಂಡಿ) ತಿರುಪಿಗೆ ಇಳಿದು ಒಳಗೇ ತುಕ್ಕಾಗುತ್ತದೆ. ಬಕಲ್, ಕೊಂಡಿ, ತಿರುಪು ಎಲ್ಲ ಬಿಚ್ಚಿ ಒಂದು ಬಟ್ಟಲಿಗೆ ಹಾಕಿ. ಯಾವ ತೂತಿನಲ್ಲಿ ಯಾವುದಿತ್ತೆಂದು ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಒಣ ಬ್ರಷ್ಷಿನಿಂದ ಧೂಳು ತೆಗೆಯುವುದು ಮೊದಲ ಕೆಲಸ. ಮಣ್ಣಿನ ಕಣ ಉಳಿದ ಮೇಲೆ ಸೋಪು ಹಚ್ಚಿ ಉಜ್ಜಿದರೆ ಉಪ್ಪುಕಾಗದದಲ್ಲಿ ಉಜ್ಜಿದಂತೆ. ಸೋಪು ಎಂದರೆ ಸ್ಯಾಡಲ್ ಸೋಪು, ಕುದುರೆ ಜೀನಿನಂಥ ಚರ್ಮಕ್ಕೆಂದೇ ಮಾಡಿದ್ದು. ಸಿಗದಿದ್ದರೆ ಸ್ನಾನಕ್ಕೆ ಬಳಸುವ ಪಾರದರ್ಶಕ ಗ್ಲಿಸರಿನ್ ಸೋಪು. ಪಾತ್ರೆ ತೊಳೆಯುವ ಸೋಪು, ಬಟ್ಟೆಯ ಪುಡಿ, ಅಡಿಗೆ ಸೋಡಾ ಬೇಡ. ಚರ್ಮದ ಸ್ವಭಾವ ಹುಳಿ, ಇವುಗಳದು ಕ್ಷಾರ. ಚರ್ಮ ಹದ ಮಾಡಿದಾಗ ಸೇರಿದ ಸತ್ವವನ್ನೂ ಕೊಬ್ಬನ್ನೂ ಒಟ್ಟಿಗೆ ಎಳೆದು ತೆಗೆಯುತ್ತವೆ. ಸ್ಯಾಡಲ್ ಸೋಪಿನಲ್ಲೂ ಕ್ಷಾರವಿದೆ, ಅದಕ್ಕೇ ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ.

ಸ್ಪಂಜನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹನಿ ತೊಟ್ಟಿಕ್ಕದಂತೆ ಹಿಂಡಿ, ಸೋಪಿನ ಮೇಲೆ ತಿರುಗಿಸಿ ನೊರೆ ಬರಿಸಿ, ನೊರೆಯಿಂದಷ್ಟೇ ಒರೆಸಿ. ಬೆಲ್ಟನ್ನು ಬಕೆಟ್ಟಿಗೆ ಅದ್ದುವುದಲ್ಲ. ಒಂದೊಂದು ಗೇಣಿನಷ್ಟು ಮಾಡುತ್ತ, ಕೊಳೆ ನೊರೆ ಕೂಡಲೇ ಬಟ್ಟೆಗೆ ತೆಗೆಯುತ್ತ ಸಾಗಿ. ಭುಜಕ್ಕೆ ತಾಗುವ ಒಳಬದಿಯಲ್ಲಿ ಬೆವರಿನ ಉಪ್ಪು ಕೂತಿರುತ್ತದೆ, ಅಲ್ಲಿ ಎರಡು ಸಲ. ಕೊನೆಗೆ ಬರೀ ನೀರಿನ ಬಟ್ಟೆಯಿಂದ ಒರೆಸಿ. ಸೋಪು ಉಳಿದರೆ ಒಣಗಿದ ಮೇಲೆ ಬಿಳಿ ಗೆರೆಯಾಗಿ ಕಾಣುತ್ತದೆ.

ಮೇಜಿನ ಮೇಲೆ ನೇರವಾಗಿ ಚಾಚಿ ಫ್ಯಾನಿನ ಕೆಳಗೆ ಬಿಡಿ. ನೇತುಹಾಕಿದರೆ ಒದ್ದೆ ಚರ್ಮ ತನ್ನ ಭಾರಕ್ಕೇ ಎಳೆದುಕೊಳ್ಳುತ್ತದೆ. ಎಣ್ಣೆಗೆ ಹೊತ್ತು ಯಾವುದು? ಮುಟ್ಟಿದರೆ ನೀರು ಹತ್ತಬಾರದು, ಕೆನ್ನೆಗೆ ತಾಗಿಸಿದರೆ ಮಾತ್ರ ತುಸು ತಣ್ಣಗಿರಬೇಕು. ಹಾಗಿರುವಾಗ ಎಣ್ಣೆ ಎಲ್ಲ ಕಡೆ ಸಮನಾಗಿ ಇಳಿಯುತ್ತದೆ. ಪೂರ್ತಿ ಒಣಗಿದ ಚರ್ಮ ಮೊದಲು ಮುಟ್ಟಿದಲ್ಲೇ ಎಲ್ಲವನ್ನೂ ಹೀರಿ ಕಲೆಕಲೆಯಾಗುತ್ತದೆ.

ಅಳತೆಯ ಮಾತು. ಒಂದು ಇಂಚು ಅಗಲ, ನಾಲ್ಕು ಅಡಿ ಉದ್ದ, ಮೂರೂವರೆ ಮಿಲಿಮೀಟರ್ ದಪ್ಪದ ಬೆಲ್ಟಿನ ಚರ್ಮ ತೂಗಿದರೆ ಸುಮಾರು 100 ಗ್ರಾಂ. ಅದಕ್ಕೆ ಒಂದು ಸಲಕ್ಕೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಎಣ್ಣೆ ಸಾಕು. ಅದನ್ನೂ ಎರಡು ಭಾಗ ಮಾಡಿ: ಅರ್ಧ ಚಮಚ ಒಳಬದಿಗೆ, ರಾತ್ರಿ ಕಳೆದು ಬೇಕೆನಿಸಿದರೆ ಮಾತ್ರ ಇನ್ನರ್ಧ ಹೊರಬದಿಗೆ. ಬೇಕೋ ಬೇಡವೋ ಎಂದು ತಿಳಿಯಲು ಬೆಲ್ಟನ್ನು ಬೆರಳಿಗೆ ಸುತ್ತಿ ನೋಡಿ. ಸುಲಭವಾಗಿ ಬಾಗಿ, ಬಿಟ್ಟೊಡನೆ ನೇರವಾದರೆ ಸಾಕು. ಬಾಗಿ ಅಲ್ಲೇ ಬಟ್ಟೆಯಂತೆ ಬಿದ್ದುಕೊಂಡರೆ ಈಗಾಗಲೇ ಮಿತಿ ಮೀರಿದೆ. ನಾವು ನೋಡಿದ ಹಾಳಾದ ಬೆಲ್ಟುಗಳಲ್ಲಿ ಎಣ್ಣೆ ಕಾಣದೆ ಸೀಳಿದವಕ್ಕಿಂತ ಎಣ್ಣೆ ಕುಡಿದು ಜೋತುಬಿದ್ದವೇ ಹೆಚ್ಚು. ಒಣಗಿದ್ದಕ್ಕೆ ಎಣ್ಣೆ ಕೊಡಬಹುದು, ಒಳಗೆ ಹೋದ ಎಣ್ಣೆಯನ್ನು ವಾಪಸ್ ತೆಗೆಯುವ ದಾರಿ ಮನೆಯಲ್ಲಿಲ್ಲ.

ಯಾವ ಎಣ್ಣೆ ಎಂದರೆ, ದನದ ಕಾಲಿನ ಮೂಳೆಯಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆ ಒಳ್ಳೆಯದು. ಕುದುರೆ ಜೀನು ಮಾರುವ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ‘ಕಾಂಪೌಂಡ್’ ಎಂದಿದ್ದರೆ ಖನಿಜ ತೈಲ ಬೆರೆಸಿದ್ದು, ‘ಪ್ಯೂರ್’ ಎಂದಿರುವುದನ್ನು ಕೇಳಿ. ಅದು ಬಣ್ಣವನ್ನು ಒಂದು ಪಟ್ಟು ಗಾಢ ಮಾಡುತ್ತದೆ. ಪ್ರಾಣಿಯ ಎಣ್ಣೆ ಬೇಡ ಎನ್ನುವವರಿಗೆ ಹರಳೆಣ್ಣೆ ಇದೆ. ಗಟ್ಟಿಯಿರುವುದರಿಂದ ಬಾಟಲಿಯನ್ನು ಬಿಸಿನೀರಲ್ಲಿ ಐದು ನಿಮಿಷ ನಿಲ್ಲಿಸಿ ತೆಳುಮಾಡಿಕೊಳ್ಳಿ, ಮಾರನೆಯ ಬೆಳಿಗ್ಗೆ ಮೇಲೆ ಉಳಿದದ್ದನ್ನು ಮರೆಯದೆ ಒರೆಸಿ. ಸೂರ್ಯಕಾಂತಿ, ಅಗಸೆ ಎಣ್ಣೆ ಗಾಳಿಗೆ ಅಂಟಾಗಿ ಆಮೇಲೆ ಪೊರೆಗಟ್ಟುತ್ತವೆ. ಸೀಮೆಎಣ್ಣೆ, ಕೋವಿಯ ನಳಿಕೆಗೆ ಹಾಕುವ ಎಣ್ಣೆ ಚರ್ಮಕ್ಕಲ್ಲ.

ಕೊನೆಯದು ಮೇಣ. ಮನೆಯಲ್ಲೇ ಮಾಡುವುದಾದರೆ 25 ಗ್ರಾಂ ಜೇನುಮೇಣ, 75 ಗ್ರಾಂ ಹರಳೆಣ್ಣೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಜೇನುಮೇಣ 62–64 ಡಿಗ್ರಿಗೆ ಕರಗುತ್ತದೆ, ಉರಿಯ ಮೇಲೆ ನೇರವಾಗಿ ಇಟ್ಟರೆ ಹೊತ್ತಿಕೊಳ್ಳಬಹುದು. ಆರಿದ ಮೇಲೆ ಕಡಲೆ ಗಾತ್ರ ಬೆರಳಿಗೆ ತೆಗೆದುಕೊಂಡು ಒಂದು ಗೇಣಿಗೆ ತಿಕ್ಕಿ. ಅಂಚುಗಳಿಗೆ ಎರಡು ಸಲ, ಏಕೆಂದರೆ ಮಳೆ ನೀರು ಕತ್ತರಿಸಿದ ಅಂಚಿನಿಂದಲೇ ಒಳಗಿಳಿಯುವುದು. ಕಾಲು ಗಂಟೆ ಬಿಟ್ಟು ಹಳೆ ಪಂಚೆ ತುಂಡಿನಿಂದ ಹೊಳಪು ಬರುವವರೆಗೆ ಉಜ್ಜಿ. ಕೈಗೆ ಅಂಟಿದರೆ ಹೆಚ್ಚಾಗಿದೆ ಎಂದರ್ಥ.

ಹಬ್ಬಕ್ಕೆ ಪೂಜೆಗಿಡುವವರಿಗೆ ಒಂದು ಮಾತು. ಗಂಧ, ಕುಂಕುಮ ಮರದ ಮೇಲಿರಲಿ, ಚರ್ಮದ ಮೇಲೆ ಬೇಡ. ಕುಂಕುಮದ ಬಣ್ಣ ಚರ್ಮದೊಳಗೆ ಇಳಿದರೆ ಹೋಗುವುದಿಲ್ಲ. ನಳಿಕೆಯ ತುದಿಗೆ ಸಿಕ್ಕಿಸಿದ ತೋಕ್ ಪೂವನ್ನೂ ಸಂಜೆಗೆ ತೆಗೆದುಬಿಡಿ, ಹೂವಿನ ನೀರು ಕಬ್ಬಿಣಕ್ಕೆ ಒಳ್ಳೆಯದಲ್ಲ.

ಪ್ರಶ್ನೆ: ಮಳೆಯಲ್ಲಿ ತೊಯ್ದ ಬೆಲ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆ. ಸುರುಟಿ ಸೀಗೆಕಾಯಿಯಂತಾಗಿದೆ. ಸರಿಮಾಡಬಹುದೇ? (ತೀರ್ಥಹಳ್ಳಿ)

ಆಗದು. ತೊಗಟೆಯಲ್ಲಿ ಹದ ಮಾಡಿದ ಚರ್ಮ ಒದ್ದೆಯಿರುವಾಗ 70–80 ಡಿಗ್ರಿ ಶಾಖ ತಾಗಿದರೆ ಅದರ ನಾರೇ ಕುಗ್ಗಿಬಿಡುತ್ತದೆ, ಬೆಂದ ಹಾಗೆ. ಆ ಕುಗ್ಗಿದ್ದು ಎಣ್ಣೆಗೆ ಬಿಚ್ಚಿಕೊಳ್ಳುವುದಿಲ್ಲ. ಬಾಗಿಸಲು ಹೋದರೆ ಚಟ್ಟನೆ ಮುರಿಯುತ್ತದೆ, ಕೋವಿ ನೇತುಹಾಕುವ ಯೋಚನೆ ಬಿಡಿ. ಮುಂದೆ ತೊಯ್ದಾಗ ಒಣ ಟವೆಲಿನಲ್ಲಿ ಒತ್ತಿ ನೀರು ಹೀರಿಸಿ, ಮೇಜಿನ ಮೇಲೆ ಚಾಚಿ ಎರಡು ದಿನ ತಾಳ್ಮೆಯಿಂದ ಬಿಡಿ. ಅಷ್ಟೇ.

ಪ್ರಶ್ನೆ: ಹಿತ್ತಾಳೆ ಬಕಲಿನ ಸುತ್ತ ಹಸಿರು ಮೇಣದಂಥದ್ದು ಬರುತ್ತದೆ. ಹುಣಸೆಹಣ್ಣು ಹಚ್ಚಿ ಉಜ್ಜಿದೆವು, ಬಕಲ್ ಹೊಳೆಯಿತು, ಚರ್ಮ ಕಪ್ಪಾಯಿತು. (ಸೋಮವಾರಪೇಟೆ)

ಹಸಿರು ಕಿಲುಬು ಹುಟ್ಟುವುದು ನೀವು ಹಚ್ಚಿದ ಎಣ್ಣೆಯಿಂದಲೇ. ಎಣ್ಣೆಯ ಹುಳಿ ಹಿತ್ತಾಳೆಯ ತಾಮ್ರದ ಜೊತೆ ಸೇರಿ ಒಂದು ಬಗೆಯ ಸೋಪಾಗುತ್ತದೆ, ಆ ಹಸಿರು ಮೇಣ ಅದೇ. ಎಣ್ಣೆ ಹೆಚ್ಚಾದಷ್ಟೂ ಕಿಲುಬು ಹೆಚ್ಚು. ಬಿದಿರು ಕಡ್ಡಿಯ ತುದಿಯಿಂದ ಕೆರೆದು ತೆಗೆಯಿರಿ, ಚಾಕು ಬೇಡ. ಬಕಲನ್ನು ಬಿಚ್ಚಿ ಬೇರೆ ಮಾಡಿದ ಮೇಲೆ ಹುಣಸೆಹಣ್ಣಾಗಲಿ ಬ್ರಾಸೊ ಆಗಲಿ ನಿಮ್ಮಿಷ್ಟ, ಚೆನ್ನಾಗಿ ತೊಳೆದು ಒಣಗಿಸಿ ತೆಳ್ಳಗೆ ಮೇಣ ಸವರಿ ಮತ್ತೆ ಹಾಕಿ. ಬಕಲ್ ಹೊಲಿದುಬಿಟ್ಟಿದ್ದರೆ ಅದಕ್ಕೂ ಚರ್ಮಕ್ಕೂ ನಡುವೆ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿಕೊಂಡು ಮಾಡಿ. ಬ್ರಾಸೊದಲ್ಲಿರುವ ಅಮೋನಿಯಾ ಚರ್ಮಕ್ಕೆ ತಾಗಬಾರದು.

ಚರ್ಮ ಕಪ್ಪಾಗಿದ್ದಕ್ಕೆ ಕಾರಣ ಬೇರೆ ಇರಬಹುದು. ಬಕಲಿನ ನಾಲಿಗೆ ಕಬ್ಬಿಣದ್ದೇ ನೋಡಿ. ಕಬ್ಬಿಣ, ನೀರು, ಚರ್ಮದೊಳಗಿನ ತೊಗಟೆಯ ಒಗರು, ಈ ಮೂರು ಸೇರಿದರೆ ಶಾಯಿಯೇ ಸೈ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಹಾಕಿ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಹೊಸ ಕಲೆಯಾದರೆ ನಿಂಬೆರಸವನ್ನು ಹತ್ತಿಯಲ್ಲಿ ಒತ್ತಿ ಎರಡು ನಿಮಿಷ ಬಿಟ್ಟು ನೀರಿನ ಬಟ್ಟೆಯಿಂದ ಎರಡು ಮೂರು ಸಲ ಒರೆಸಿದರೆ ತಿಳಿಯಾಗುತ್ತದೆ. ಹಳೆಯದು ಪೂರ್ತಿ ಹೋಗದು. ನೋಡಲು ಕೆಟ್ಟದೆಂಬುದು ಬಿಟ್ಟರೆ, ಕಲೆಯಿದ್ದಲ್ಲಿ ಚರ್ಮ ಮೆದುವಾಗಿಲ್ಲದಿದ್ದರೆ ಚಿಂತೆ ಬೇಡ.

ಪ್ರಶ್ನೆ: ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟಿದ್ದೆವು. ವಾಪಸ್ ತಂದಾಗ ಬೆಲ್ಟು ತಾಗಿದ್ದ ಕಡೆ ನಳಿಕೆಗೆ ತುಕ್ಕಿನ ಗೆರೆ. (ಪೊನ್ನಂಪೇಟೆ)

ಬೆಲ್ಟನ್ನು ಕೋವಿಗೇ ಸುತ್ತಿ ಕೊಟ್ಟಿರುತ್ತೀರಿ. ಚರ್ಮ ಗಾಳಿಯ ತೇವ ಹೀರಿಕೊಂಡು ಹಿಡಿದಿಡುತ್ತದೆ, ಜೊತೆಗೆ ಬೆವರಿನ ಉಪ್ಪು, ಹದದ ಹುಳಿ. ಕಬ್ಬಿಣಕ್ಕೆ ತಾಗಿ ಎರಡು ತಿಂಗಳು ಕೂತರೆ ಗೆರೆ ಬೀಳದೆ ಇನ್ನೇನು? ಠೇವಣಿ ಇಡುವಾಗ ಬೆಲ್ಟು ಬಿಚ್ಚಿ ಮನೆಯಲ್ಲಿಟ್ಟುಕೊಳ್ಳಿ, ರಸೀದಿಯಲ್ಲಿ ಕೋವಿಯ ವಿವರ ಮಾತ್ರ ಸಾಕು. ಮನೆಯಲ್ಲೂ ಅಷ್ಟೇ: ಬೆಲ್ಟು ಬೇರೆ, ಕೋವಿ ಬೇರೆ. ಚರ್ಮದ ಚೀಲದಲ್ಲಿ ಕೋವಿ ಇಟ್ಟು ಮಳೆಗಾಲ ಕಳೆಯುವುದು, ಚರ್ಮದ ತೋಟಾ ಪಟ್ಟಿಯಲ್ಲಿ ತೋಟಾ ಸಿಕ್ಕಿಸಿಯೇ ಬಿಡುವುದು, ಇವೂ ಇದೇ ಸಾಲಿನ ತಪ್ಪುಗಳು. ತೋಟಾದ ಹಿತ್ತಾಳೆ ಬುಡಕ್ಕೆ ಕಿಲುಬು ಹಿಡಿದು ಕೋವಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಲ್ಟನ್ನು ಮಡಚದೆ, ದೊಡ್ಡ ಸುರುಳಿ ಮಾಡಿ ಹತ್ತಿ ಬಟ್ಟೆಯ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲ ಬೂಷ್ಟಿನ ತವರು.

ನಳಿಕೆಯ ಗೆರೆಗೆ ಎಣ್ಣೆಯಲ್ಲಿ ಅದ್ದಿದ ಅತಿ ನುಣುಪಿನ ಸ್ಟೀಲ್ ವೂಲ್ (0000) ಹಗುರಾಗಿ ಆಡಿಸಿ ನೋಡಿ. ಉಗುರು ಸಿಕ್ಕುವಷ್ಟು ಗುಳಿಬಿದ್ದಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ.

ಪ್ರಶ್ನೆ: ಶೂಟಿಂಗ್ ಕಲಿಯುತ್ತಿದ್ದೇನೆ. ಪ್ರೋನ್‌ನಲ್ಲಿ (ಬೋರಲು ಮಲಗಿ ಹೊಡೆಯುವಾಗ) ಚರ್ಮದ ಸ್ಲಿಂಗ್ ಮೂರನೆಯ ತೂತಿಗೆ ಸರಿಯಿದ್ದದ್ದು ತಿಂಗಳಲ್ಲಿ ಸಡಿಲವಾಗುತ್ತದೆ. (ಬೆಂಗಳೂರು)

ಭುಜಕ್ಕೆ ನೇತುಹಾಕುವ ಬೆಲ್ಟಿಗೂ ತೋಳಿಗೆ ಬಿಗಿದು ಗುರಿ ನಿಲ್ಲಿಸುವ ಸ್ಲಿಂಗಿಗೂ ಬೇಕಾದ ಹದ ಬೇರೆ. ನಿಮಗೆ ಬೇಕಾದದ್ದು ಮೃದುತ್ವವಲ್ಲ, ಎಳೆತಕ್ಕೆ ಜಗ್ಗದಿರುವುದು. ಎಣ್ಣೆ ನಾರುಗಳ ನಡುವೆ ಜಾರಿಕೆ ಕೊಡುತ್ತದೆ, ಜಾರಿಕೆ ಹೆಚ್ಚಾದರೆ ಎಳೆತಕ್ಕೆ ಪಟ್ಟಿ ಉದ್ದವಾಗುತ್ತದೆ. ಹಾಗಾಗಿ ವರ್ಷಕ್ಕೆ ಅರ್ಧ ಚಮಚಕ್ಕಿಂತ ಹೆಚ್ಚು ಬೇಡ, ಮೇಣ ಮಾತ್ರ ಸಾಕೆಂದರೂ ನಡೆಯುತ್ತದೆ. ಪ್ರತಿ ಅಭ್ಯಾಸದ ನಂತರ ಬೆವರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಗಿ ಬಿಚ್ಚಿ ಚಾಚಿಡಿ. ಎರಡು ಕೊನೆಗಳ ನಡುವಿನ ಉದ್ದವನ್ನು ಇವತ್ತೇ ಅಳೆದು ಬರೆದುಕೊಳ್ಳಿ. ಆರು ತಿಂಗಳಲ್ಲಿ ಒಂದು ಸೆಂಟಿಮೀಟರ್ ಬೆಳೆದು ಅಲ್ಲಿಗೆ ನಿಂತರೆ ಹೊಸ ಚರ್ಮದ ಸಹಜ ಗುಣ. ಬೆಳೆಯುತ್ತಲೇ ಇದ್ದರೆ ಹೊಟ್ಟೆ ಭಾಗದ ಚರ್ಮದಿಂದ ಕತ್ತರಿಸಿದ ಪಟ್ಟಿ, ಅದನ್ನು ಸರಿಮಾಡಲಾಗದು. ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗಿವೆಯೇ ಎಂದೂ ನೋಡಿ. ಹಾಗಾಗಿದ್ದರೆ ಜಗ್ಗಿದ್ದು ಪಟ್ಟಿಯಲ್ಲ, ತೂತು. ಪಂದ್ಯಕ್ಕೆ ಹೋಗುವವರು ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆಯಾದ ಐಎಸ್‌ಎಸ್‌ಎಫ್ ನಿಯಮದ 40 ಮಿಲಿಮೀಟರ್ ಅಗಲದ ಮಿತಿಯನ್ನು ಮರೆಯಬೇಡಿ. ಮಳೆಗಾಲದಲ್ಲೂ ತೂತು ಬದಲಾಗಬಾರದೆಂದರೆ ಸಿಂಥೆಟಿಕ್ ಸ್ಲಿಂಗೇ ಮೇಲು ಎಂದು ಒಪ್ಪಿಕೊಳ್ಳಬೇಕು.

ಪ್ರಶ್ನೆ: ಅಜ್ಜನ ಕಾಲದ ಬೆಲ್ಟು. ಮುಟ್ಟಿದರೆ ಕೈಗೆ ಇಟ್ಟಿಗೆಯಂಥ ಕೆಂಪು ಪುಡಿ. ಎಣ್ಣೆ ಹಚ್ಚಿದಷ್ಟೂ ಕಪ್ಪಾಗಿ ಗಟ್ಟಿಯಾಗುತ್ತಿದೆ. ಉಪಯೋಗಿಸಬಹುದೇ? (ಮೂರ್ನಾಡು)

ಎಣ್ಣೆ ನಿಲ್ಲಿಸಿ. ಹಳೆಯ ತೊಗಟೆ ಹದದ ಚರ್ಮಕ್ಕೆ ಬರುವ ಕೆಂಪು ಕೊಳೆ ಇದು. ಗಾಳಿಯಲ್ಲಿನ ಗಂಧಕದ ಹೊಗೆ ವರ್ಷಾನುಗಟ್ಟಲೆ ಹೀರಿದ ಚರ್ಮದೊಳಗೆ ಆಮ್ಲ ಹುಟ್ಟಿ ನಾರು ತುಂಡಾಗಿ ಪುಡಿಯಾಗಿದೆ. ತುಂಡಾದ ನಾರನ್ನು ಯಾವ ಎಣ್ಣೆಯೂ ಕೂಡಿಸದು. ನೀರೂ ತಾಗಿಸಬೇಡಿ, ಒದ್ದೆಯಾದರೆ ಕಪ್ಪಗೆ ಗಟ್ಟಿಯಾಗುತ್ತದೆ. ನೆನಪಿಗೆ ಇಡುವುದಾದರೆ ಮ್ಯೂಸಿಯಂನವರು ಮಾಡುವಂತೆ ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಎಂಬ ಪುಡಿಯನ್ನು ಆಲ್ಕೋಹಾಲಿನಲ್ಲಿ ಶೇಕಡಾ 2ರಷ್ಟು ಕರಗಿಸಿ ಮೃದು ಕುಂಚದಿಂದ ತೆಳ್ಳಗೆ ಹಚ್ಚಿದರೆ ಪುಡಿ ಉದುರುವುದು ನಿಲ್ಲುತ್ತದೆ. ಬಲ ಬರುವುದಿಲ್ಲ. ಕೋವಿ ತೂಗುಹಾಕಲು ಮಾತ್ರ ಅದು ಬೇಡವೇ ಬೇಡ.

ಪುಡಿಯಾಗದ, ಆದರೆ ವಯಸ್ಸಾದ ಬೆಲ್ಟುಗಳನ್ನು ಹೀಗೆ ಪರೀಕ್ಷಿಸಿ. ಸ್ವಿವೆಲಿನೊಳಗೆ ಮಡಚಿ ಬರುವ ಜಾಗ, ಬಕಲಿನ ನಾಲಿಗೆ ಕೂರುವ ತೂತು, ಹೊಲಿಗೆಯ ಕೊನೆಯ ಗಂಟು, ಈ ಮೂರೇ ಕಡೆ ಬೆಲ್ಟು ಹರಿಯುವುದು. ಮಡಚುವ ಜಾಗವನ್ನು ಪೆನ್ಸಿಲ್ಲಿಗೆ ಸುತ್ತಿ ಬೆಳಕಿಗೆ ಹಿಡಿಯಿರಿ. ಮೇಲ್ಪದರದಲ್ಲಿ ಕೂದಲೆಳೆಯ ಗೆರೆಗಳಿದ್ದರೆ ಇನ್ನೂ ಬಾಳುತ್ತದೆ. ಬಿರುಕಿನೊಳಗೆ ನಾರು ಕಂಡರೆ ಮುಗಿಯಿತು. ಆಮೇಲೆ ಬೆಲ್ಟಿಗೆ 10 ಕಿಲೋ ಅಕ್ಕಿ ಚೀಲ ಕಟ್ಟಿ ಕಾಲು ಗಂಟೆ ನೇತುಹಾಕಿ. ಹನ್ನೆರಡು ಬೋರಿನ ಕೋವಿ ಮೂರು, ಮೂರೂವರೆ ಕಿಲೋ ಇದ್ದರೂ ತೋಟದ ಇಳಿಜಾರಿನಲ್ಲಿ ಕಾಲು ಜಾರಿದಾಗ ಬೀಳುವ ಜಗ್ಗು ಅದರ ಎಷ್ಟೋ ಪಟ್ಟು.

ಹೊಸದು ಕೊಳ್ಳುವಾಗ ಕತ್ತರಿಸಿದ ಅಂಚು ನೋಡಿ. ನಡುವಿನವರೆಗೂ ಕಂದು ಬಣ್ಣವಿದ್ದರೆ ತೊಗಟೆ ಹದ. ನಡುವೆ ನೀಲಿ ಬೂದು ಗೆರೆ ಕಂಡರೆ ಕ್ರೋಮ್ ಹದ (ತೊಗಟೆಯ ಬದಲು ಕ್ರೋಮಿಯಂ ಲವಣದಲ್ಲಿ ಮಾಡಿದ್ದು), ಅದು ಮಳೆಗೆ ತಡೆಯುತ್ತದೆ, ಆದರೆ ಹೆಚ್ಚು ಜಗ್ಗುತ್ತದೆ. ದಪ್ಪ ಮೂರರಿಂದ ಮೂರೂವರೆ ಮಿಲಿಮೀಟರ್, ಹೊಲಿಗೆ ಇಂಚಿಗೆ ಏಳೆಂಟು, ಅದೂ ಎರಡು ಸೂಜಿಯ ಕೈಹೊಲಿಗೆಯಾಗಿರಲಿ: ಮೆಷಿನ್ ಹೊಲಿಗೆಯಲ್ಲಿ ಒಂದು ಕಡೆ ಹರಿದರೆ ಸಾಲು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಇದರಲ್ಲಿ ಪಕ್ಕದ ಹೊಲಿಗೆ ಹಿಡಿದಿರುತ್ತದೆ. ಹೊಲಿಗೆಯ ಬದಲು ತಿರುಪು ಇದ್ದರೆ ಬಿಗಿಯುವ ಮೊದಲು ತಿರುಪಿನ ಎಳೆಗೆ ಒಂದು ಹನಿ ನೀಲಿ ಥ್ರೆಡ್ ಲಾಕರ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಬಿಡಿ. ಅಜ್ಜನ ಬೆಲ್ಟಿನ ಬಕಲ್, ಕೊಂಡಿ ಗಟ್ಟಿಯಿದ್ದರೆ ಬಿಚ್ಚಿ ತೊಳೆದು ಹೊಸ ಪಟ್ಟಿಗೇ ಹಾಕಿಸಿಕೊಳ್ಳಿ, ಆ ಕಾಲದ ಎರಕದ ಹಿತ್ತಾಳೆ ಈಗಿನ ತಗಡಿನ ಬಕಲಿಗಿಂತ ಮೇಲು.